ಕಂಡಕ್ಟರ್ ಎಲ್ಲಿ ನಿಲ್ಲಬೇಕು? ಲೆಗೊ ಮಾದರಿಗೆ ಅಳತೆ ಆರಿಸುವ ಬಗೆ

"ಲೆಗೊ ಗೊಂಬೆಯ ಪ್ರಮಾಣ ಎಷ್ಟು?" ಒಂದಕ್ಕೊಂದು ಕಚ್ಚಿಕೊಳ್ಳುವ ಲೆಗೊ ಇಟ್ಟಿಗೆಗಳ ಡಬ್ಬಿಯ ಜೊತೆ ಬಂದ ಚಿತ್ರಪುಸ್ತಕ ಬದಿಗಿಟ್ಟು ಸ್ವಂತ ಮಾದರಿ ಕಟ್ಟಲು ಹೊರಟವರು ಮೊದಲು ಕೇಳುವ ಪ್ರಶ್ನೆ ಇದೇ. ಒಬ್ಬರು 1:48, ಅಂದರೆ ನಿಜ ಗಾತ್ರದ 48ರಲ್ಲಿ ಒಂದು ಪಾಲು ಎನ್ನುತ್ತಾರೆ, ಇನ್ನೊಬ್ಬರು 1:42 ಎಂದು ಪಟ್ಟು ಹಿಡಿಯುತ್ತಾರೆ, ಮೂರನೆಯವರು 1:30 ಎಂದು ಆಣೆ ಮಾಡಿ ಹೇಳುತ್ತಾರೆ. ಎಲ್ಲರೂ ಅಳೆದೇ ಹೇಳುತ್ತಿರುವುದರಿಂದ ಯಾರನ್ನೂ ಅಲ್ಲಗಳೆಯುವಂತಿಲ್ಲ. ಎಡವಟ್ಟಾಗಿರುವುದು ಗೊಂಬೆಯಲ್ಲೇ.

1978ರಲ್ಲಿ ಬಂದ ಈ ಗೊಂಬೆ, ಅಂದರೆ ಮಿನಿಫಿಗರ್, ಸುಮಾರು 40 ಮಿ.ಮೀ. ಎತ್ತರ. 1.7 ಮೀಟರ್ ಎತ್ತರದ ಮನುಷ್ಯನಿಗೆ ಹೋಲಿಸಿದರೆ 1:42 ಆಯಿತು. ಈಗ ತೋಳುಗಳನ್ನೂ ಸೇರಿಸಿ ಅಗಲ ಅಳೆಯಿರಿ, ಸುಮಾರು 24 ಮಿ.ಮೀ. ನಮ್ಮ ನಿಮ್ಮ ಭುಜದ ಅಗಲ 45 ಸೆಂ.ಮೀ. ಆಸುಪಾಸು, ಆ ಲೆಕ್ಕದಲ್ಲಿ ಪ್ರಮಾಣ 1:19ಕ್ಕೆ ಬಂದು ನಿಲ್ಲುತ್ತದೆ. ತಲೆಯಂತೂ ಮೈಯ ಕಾಲುಭಾಗ; ಮನುಷ್ಯರಲ್ಲಿ ಅದು ಏಳೂವರೆಯಲ್ಲಿ ಒಂದು ಪಾಲು. 1:42ರ ಲೆಕ್ಕದಲ್ಲಿ ಇದನ್ನು ನಿಜ ಗಾತ್ರಕ್ಕೆ ಹಿಗ್ಗಿಸಿದರೆ ಒಂದು ಮೀಟರ್ ಅಗಲದ ಭುಜದ ಆಸಾಮಿಯೊಬ್ಬ ನಿಮ್ಮ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಆದ್ದರಿಂದ ಗೊಂಬೆಯ ಪ್ರಮಾಣ ಯಾವುದು ಎಂದು ಹುಡುಕುವುದನ್ನು ಬಿಟ್ಟು, ನಿಮ್ಮ ಮಾದರಿಯಲ್ಲಿ ಯಾವ ಒಂದು ಸಂಗತಿ ಸರಿಯಿರಲೇಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಆರಿಸುವ ಮೊದಲು

ನಾನು ಐದು ವಿಷಯ ನೋಡುತ್ತೇನೆ. ಮಾದರಿಯೊಳಗೆ ಗೊಂಬೆ ಇರಬೇಕೇ, ಇದ್ದರೆ ನಿಲ್ಲಬೇಕೇ, ಕೂರಬೇಕೇ ಎಂಬುದು ಮೊದಲನೆಯದು. ಕಾಣಲೇಬೇಕಾದ ಅತಿ ಚಿಕ್ಕ ವಿವರ ಯಾವುದು ಎಂಬುದು ಎರಡನೆಯದು: ಕಿಟಕಿಯೇ, ಕಿಟಕಿಯ ಸರಳೇ, ಬರಿಯ ಗೋಪುರವೇ? ಮೂರನೆಯದು ಇಡುವ ಜಾಗ. ನಾಲ್ಕನೆಯದು ಇಟ್ಟಿಗೆಗಳ ಸಂಖ್ಯೆ, ಅಂದರೆ ದುಡ್ಡು. ಐದನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಬದಲಿಸಲಾಗದ ಬಿಡಿಭಾಗ. ಚಕ್ರ, ಬಾಗಿಲು, ರೈಲು ಹಳಿ ಇವು ಕಂಪನಿ ಮಾಡಿದ ಅಳತೆಯಲ್ಲೇ ಸಿಗುತ್ತವೆ. ನೀವು ಮಾದರಿಯನ್ನು ಅವಕ್ಕೆ ಒಗ್ಗಿಸಬೇಕೇ ಹೊರತು ಅವು ನಿಮಗೆ ಒಗ್ಗುವುದಿಲ್ಲ.

ಲೆಕ್ಕಕ್ಕೆ ಬೇಕಾದ ಅಂಕಿಗಳು ಮೂರೇ. ಇಟ್ಟಿಗೆಯ ನೆತ್ತಿಯ ಮೇಲಿನ ಗುಂಡನೆಯ ಉಬ್ಬನ್ನು ಸ್ಟಡ್ ಎನ್ನುತ್ತೇವೆ. ಒಂದು ಸ್ಟಡ್‌ನಿಂದ ಪಕ್ಕದ ಸ್ಟಡ್‌ಗೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ತೆಳ್ಳನೆಯ ಪ್ಲೇಟ್ ಅದರ ಮೂರನೆಯ ಒಂದು ಭಾಗ, 3.2 ಮಿ.ಮೀ. ನಿಜವಾದ ಉದ್ದವನ್ನು ಮಿಲಿಮೀಟರಿನಲ್ಲಿ ಬರೆದು ಪ್ರಮಾಣದಿಂದ ಭಾಗಿಸಿ, ಬಂದದ್ದನ್ನು ಅಡ್ಡಳತೆಗೆ 8ರಿಂದ, ಎತ್ತರಕ್ಕೆ 9.6ರಿಂದ ಭಾಗಿಸಿದರೆ ಸ್ಟಡ್ ಮತ್ತು ಇಟ್ಟಿಗೆಗಳ ಸಂಖ್ಯೆ ಸಿಗುತ್ತದೆ.

ಇಷ್ಟು ಸರಳವಾದದ್ದರಲ್ಲಿ ನಾನು ಮುಗ್ಗರಿಸಿದ್ದೇನೆ. ವಿಜಯಪುರದ ಗೋಳಗುಮ್ಮಟ ಕಟ್ಟುವ ಹುಮ್ಮಸ್ಸಿನಲ್ಲಿ ಚೌಕಳಿ ಹಾಳೆಯ ಮೇಲೆ ಅದರ ನೇರನೋಟ ಬರೆದುಕೊಂಡೆ. ಒಂದು ಚೌಕಕ್ಕೆ ಎರಡು ಮೀಟರ್. ಅಡ್ಡಕ್ಕೆ ಒಂದು ಚೌಕವೆಂದರೆ ಒಂದು ಸ್ಟಡ್, ಎತ್ತರಕ್ಕೆ ಒಂದು ಚೌಕವೆಂದರೆ ಒಂದು ಇಟ್ಟಿಗೆ. ಒಟ್ಟು ಎತ್ತರ ಸುಮಾರು 51 ಮೀಟರ್, ಆದ್ದರಿಂದ ಇಪ್ಪತ್ತೈದೂವರೆ ಇಟ್ಟಿಗೆ ಎಂದು ಪೇರಿಸುತ್ತಾ ಹೋದೆ. ಮುಗಿದ ಮೇಲೆ ನೋಡಿದರೆ ಬಿಗುವಾಗಿ ಕುಳಿತಿರಬೇಕಾದ ಗುಮ್ಮಟ ಯಾರೋ ಜುಟ್ಟು ಹಿಡಿದು ಮೇಲಕ್ಕೆ ಎಳೆದಂತೆ ಕಂಡಿತು. ಪಟ್ಟಿ ಇಟ್ಟೆ: 20.4 ಸೆಂ.ಮೀ. ಇರಬೇಕಾದದ್ದು 24.5 ಆಗಿತ್ತು. ಇಟ್ಟಿಗೆ ಘನಚೌಕವಲ್ಲ, ಅಗಲ ಐದಾದರೆ ಎತ್ತರ ಆರು. ಚೌಕಳಿ ಹಾಳೆಯಿಂದ ನಕಲು ಮಾಡಿದ ಯಾವ ಮಾದರಿಯೂ ಹೀಗೆ ನೂರಕ್ಕೆ ಇಪ್ಪತ್ತರಷ್ಟು ಉದ್ದವಾಗುತ್ತದೆ. ಇದರಿಂದ ಪಾರಾಗಲು ಒಂದು ಸೂತ್ರ ನೆನಪಿಟ್ಟುಕೊಳ್ಳಿ: ಐದು ಪ್ಲೇಟ್‌ಗಳ ಎತ್ತರ ಎರಡು ಸ್ಟಡ್‌ಗಳ ಅಗಲಕ್ಕೆ ಸಮ, ಎರಡೂ 16 ಮಿ.ಮೀ. ಇಟ್ಟಿಗೆಗಳನ್ನು ಅಡ್ಡಲಾಗಿ ತಿರುಗಿಸಿ ಗೋಡೆಗೆ ಕೂರಿಸುವ ಚಳಕವೆಲ್ಲ ನಿಂತಿರುವುದು ಈ ಒಂದು ಸಮೀಕರಣದ ಮೇಲೆ.

ಅಂಗೈಯಲ್ಲಿ ಊರು: 1:200ರಿಂದ 1:800

ಹಳೆಯ ಕಟ್ಟಡ, ದೇವಸ್ಥಾನ, ಇಡೀ ಬೀದಿ ಬೇಕೆನ್ನುವವರಿಗೆ ಸೂಕ್ಷ್ಮ ಪ್ರಮಾಣ. ಇದರಲ್ಲಿ ನನ್ನ ಮೆಚ್ಚಿನದು 1:250, ಏಕೆಂದರೆ ಬಾಯಿಲೆಕ್ಕದಲ್ಲೇ ಮುಗಿಯುತ್ತದೆ: ಒಂದು ಸ್ಟಡ್ ಎಂದರೆ 2 ಮೀಟರ್, ಒಂದು ಪ್ಲೇಟ್ 80 ಸೆಂ.ಮೀ., ನಾಲ್ಕು ಪ್ಲೇಟ್ ಸೇರಿದರೆ ಮನೆಯ ಒಂದು ಮಹಡಿ. ಗೋಳಗುಮ್ಮಟದ ಚೌಕದ ಒಂದು ಬದಿ ಸುಮಾರು 47.5 ಮೀಟರ್, ಅಂದರೆ 24 ಸ್ಟಡ್. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, 22 ಸ್ಟಡ್. ಎತ್ತರ 21 ಇಟ್ಟಿಗೆ. 32 ಸ್ಟಡ್ ಚೌಕದ ಒಂದು ತಳಹಾಳೆಯ ಮೇಲೆ ಆರಾಮವಾಗಿ ಕೂರುತ್ತದೆ, ಪುಸ್ತಕದ ಕಪಾಟಿಗೂ ಹಿಡಿಸುತ್ತದೆ. ಮೂಲೆಗಳ ಎಂಟುಮೂಲೆಯ ಮಿನಾರುಗಳಲ್ಲಿ ಏಳು ಅಂತಸ್ತು; ಒಂದೊಂದಕ್ಕೆ ಎರಡು ಇಟ್ಟಿಗೆಯ ಆಸುಪಾಸು ಎತ್ತರ ಸಿಗುವುದರಿಂದ ಕಮಾನುಗಳ ಸುಳಿವನ್ನಾದರೂ ಕೊಡಬಹುದು. ಮನುಷ್ಯ ಬೇಕೆಂದರೆ ಎರಡು ದುಂಡು ಪ್ಲೇಟ್‌ಗಳನ್ನು ಒಂದರ ಮೇಲೊಂದು ಇಡಿ: 6.4 ಮಿ.ಮೀ., ಅಂದರೆ 1.6 ಮೀಟರ್. ಮುಖ ಮೂತಿ ಇಲ್ಲ, ಆದರೆ ಪ್ರವಾಸಿ ಎಂದು ಯಾರಿಗೂ ಗೊತ್ತಾಗುತ್ತದೆ.

ಬದಲಿಸಲಾಗದ ಬಿಡಿಭಾಗದ ಮಾತು ಇಲ್ಲಿಯೂ ಬರುತ್ತದೆ. ಗೋಳ ಕಟ್ಟಲು ಹವ್ಯಾಸಿಗಳ ನಡುವೆ ಹೆಸರಾದ ಪಾಕವೊಂದಿದೆ, ಲೊವೆಲ್ ಗೋಳ. ಅದರ ವ್ಯಾಸ 6.8 ಸ್ಟಡ್. ಗುಮ್ಮಟಕ್ಕೆ ಅದರ ಮೇಲರ್ಧವನ್ನೇ ಬಳಸಿದರೆ ಪ್ರಮಾಣ ತಾನಾಗಿ 1:800ಕ್ಕೆ ಇಳಿಯುತ್ತದೆ, ಕಟ್ಟಡದ ಬದಿ ಏಳು ಸ್ಟಡ್ ಆಗುತ್ತದೆ. ಅಂಗೈಯಲ್ಲಿ ಹಿಡಿಸುವ ಗೋಳಗುಮ್ಮಟ! ಉಡುಗೊರೆಗೆ ಚೆನ್ನ. ಮಿನಾರಿನ ಏಳು ಅಂತಸ್ತನ್ನು ಮಾತ್ರ ಮರೆತುಬಿಡಬೇಕು.

ಈ ದಾರಿಯಲ್ಲಿ ಇಟ್ಟಿಗೆ ಕಡಿಮೆ ಸಾಕು, ಆದರೆ ಬೇಕಾದವು ಪುಟ್ಟ ಪುಟ್ಟ ವಿಶೇಷ ತುಣುಕುಗಳು, ಅದೂ ಒಂದೇ ಬಣ್ಣದವು. ಮಕ್ಕಳ ಹಳೆಯ ಡಬ್ಬಿಯಲ್ಲಿ ಅವು ಹತ್ತಾರು ಸಿಕ್ಕರೆ ಪುಣ್ಯ. ಮುಗಿದ ಮೇಲೆ ಮಕ್ಕಳು ಅದರ ಜೊತೆ ಆಡುವುದೂ ಇಲ್ಲ. ನೋಡಿ "ಚೆನ್ನಾಗಿದೆ" ಎಂದು ಹೊರಟುಬಿಡುತ್ತಾರೆ.

ರೈಲಿನವರ ಪಾಡು

ರೈಲು ಕಟ್ಟುವವರಿಗೆ ಪ್ರಮಾಣವನ್ನು ಹಳಿಯೇ ಹೇಳುತ್ತದೆ. ಲೆಗೊ ಹಳಿಗಳ ನಡುವಿನ ಅಂತರ ಸುಮಾರು 37.5 ಮಿ.ಮೀ. ಯುರೋಪಿನ ಬಹುಪಾಲು ರೈಲುಗಳ, ನಮ್ಮ ಮೆಟ್ರೊದ 1435 ಮಿ.ಮೀ. ಹಳಿಗೆ ಅದು 1:38. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ.; ಅದಕ್ಕೆ ಪ್ರಮಾಣ ಸುಮಾರು 1:45. ಗೊಂಬೆಯ ಎತ್ತರದ 1:42ಕ್ಕೆ ಇಷ್ಟು ಹತ್ತಿರ ಬರುವ ಭಾಗ್ಯ ಯುರೋಪಿನವರಿಗೂ ಇಲ್ಲ. ಇದನ್ನು ಮೊದಲ ಸಲ ಲೆಕ್ಕ ಹಾಕಿದ ದಿನ ನಾನು ಹಿಗ್ಗಿಹೋಗಿದ್ದೆ.

ಹಿಗ್ಗು ಇಳಿದದ್ದು ಬೋಗಿಯ ಲೆಕ್ಕ ಹಾಕಿದಾಗ. ಈಗ ನಮ್ಮ ರೈಲುಗಳಲ್ಲಿ ಬಳಸುವ ಎಲ್‌ಎಚ್‌ಬಿ ಬಗೆಯ ಬೋಗಿ 3.24 ಮೀಟರ್ ಅಗಲ, ಸುಮಾರು 23.5 ಮೀಟರ್ ಉದ್ದ. 1:45ರಲ್ಲಿ ಅದು 9 ಸ್ಟಡ್ ಅಗಲ, 65 ಸ್ಟಡ್ ಉದ್ದ. ಅರ್ಧ ಮೀಟರಿಗೂ ಹೆಚ್ಚು. ಲೆಗೊದ ಮಾಮೂಲಿ ತಿರುವು ಹಳಿಯ ತ್ರಿಜ್ಯ 40 ಸ್ಟಡ್, 32 ಸೆಂ.ಮೀ. ಆ ತಿರುವಿಗೆ ಈ ಬೋಗಿ ಬಂದರೆ ಅದರ ಹೊಟ್ಟೆ ಹಳಿಯ ನಡುಗೆರೆಯಿಂದ ಆರು ಸ್ಟಡ್‌ನಷ್ಟು ಒಳಕ್ಕೆ ನುಗ್ಗುತ್ತದೆ. ಪಕ್ಕದ ಸ್ಟೇಷನ್ನು, ಅಲ್ಲಿ ನಿಂತ ಚಹಾದವನು ಎಲ್ಲರೂ ನೆಲಸಮ.

ಇಲ್ಲಿ ಮೂರು ದಾರಿ. ರೈಲು ಓಡುವುದೇ ಬೇಡ, ಗಾಜಿನ ಕಪಾಟಿನಲ್ಲಿ ನಿಲ್ಲಬೇಕು ಎಂದರೆ 9 ಸ್ಟಡ್ ಅಗಲದಲ್ಲಿ ಪೂರ್ತಿ ಕಟ್ಟಿ. ಓಡಬೇಕು, ನೋಡಲೂ ಲಕ್ಷಣವಾಗಿರಬೇಕು ಎನ್ನುವವರು 8 ಸ್ಟಡ್ ಹಿಡಿಯುತ್ತಾರೆ. ಅಗಲದಲ್ಲಿ ಪ್ರಮಾಣ 1:50 ಆಗುತ್ತದೆ, ಉದ್ದದಲ್ಲಿ ಕೆಲವು ಕಿಟಕಿಗಳನ್ನು ನುಂಗಿಹಾಕುತ್ತಾರೆ. ಕಂಪನಿಯ ಮಾಮೂಲಿ ರೈಲುಗಳಂತೆ 6 ಸ್ಟಡ್‌ಗೆ ಇಳಿದರೆ ಪ್ರಮಾಣ ಸುಮಾರು 1:67. ಊಟದ ಮೇಜಿನ ಮೇಲೂ ಸಲೀಸಾಗಿ ಸುತ್ತು ಹೊಡೆಯುತ್ತದೆ, ಗೊಂಬೆಗಳು ಮಾತ್ರ ಒಳಗೆ ಒಬ್ಬೊಬ್ಬರೇ ಕೂರಬೇಕು. ಮನೆಯಲ್ಲಿ ಹಾಸಲು ಜಾಗ ಕಡಿಮೆ ಇದ್ದರೆ 6 ಸ್ಟಡ್‌ಗಿಂತ ಮೇಲೆ ಹೋಗಬೇಡಿ. ಕಿಟಕಿ ನುಂಗುವುದರ ಬಗ್ಗೆ ಒಂದು ಮಾತು: ಬಾಗಿಲಿನ ಪಕ್ಕದ ಕಿಟಕಿಗಳನ್ನು ಮುಟ್ಟಬೇಡಿ, ನಡುವಿನವನ್ನು ತೆಗೆಯಿರಿ. ಕಣ್ಣು ತುದಿಗಳನ್ನು ನೋಡಿ ಬೋಗಿಯನ್ನು ಗುರುತಿಸುತ್ತದೆ, ನಡುವೆ ಎಷ್ಟಿವೆ ಎಂದು ಎಣಿಸುವುದಿಲ್ಲ.

ದೊಡ್ಡದೇ ಬೇಕು: 1:20

ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ 1968ರಲ್ಲಿ ತೆರೆದ ಲೆಗೊಲ್ಯಾಂಡ್‌ನ ಪುಟ್ಟ ಊರು ಇರುವುದು ಈ ಪ್ರಮಾಣದಲ್ಲಿ. ಇಲ್ಲಿ ಅಚ್ಚಿನ ಗೊಂಬೆ ಇಲ್ಲ, ಮನುಷ್ಯರನ್ನೂ ಇಟ್ಟಿಗೆಯಿಂದಲೇ ಕಟ್ಟುತ್ತಾರೆ, ಹತ್ತು ಸೆಂ.ಮೀ. ಆಸುಪಾಸಿನವರು. ಕಚ್ಚೆ ಪಂಚೆ, ಸೆರಗು, ಬಗಲಲ್ಲಿ ಕೊಡ, ಹೊಟ್ಟೆ ಬಂದ ಮಾವ, ಎಲ್ಲವೂ ಸಾಧ್ಯ. ಮಿನಿಫಿಗರ್ ಎಂದೂ ಕೊಡಲಾಗದ ಮೈಕಟ್ಟು ಇಲ್ಲಿ ಸಿಗುತ್ತದೆ.

ಬೆಲೆ ಮಾತ್ರ ಎದೆ ನಡುಗಿಸುತ್ತದೆ. ನಮ್ಮ 30×40 ಸೈಟನ್ನೇ ತೆಗೆದುಕೊಳ್ಳಿ. 1:250ರಲ್ಲಿ ಅದು ಐದು ಸ್ಟಡ್‌ಗೆ ಆರು ಸ್ಟಡ್. 1:42ರಲ್ಲಿ 27ಕ್ಕೆ 36. 1:20ರಲ್ಲಿ 57ಕ್ಕೆ 76, ಅಂದರೆ ಸುಮಾರು 46 ಸೆಂ.ಮೀ.ಗೆ 61 ಸೆಂ.ಮೀ.; ಅದರ ಮೇಲೆ ಎರಡು ಮಹಡಿ ಎಬ್ಬಿಸಿದರೆ ಟೀಪಾಯಿ ಮಾಯ. ಆದ್ದರಿಂದ ಇಡೀ ಮನೆ ಬೇಡ. ಅಜ್ಜನ ಮನೆಯ ಜಗುಲಿ, ಎರಡು ಕಂಬ, ಒಂದು ಕಟ್ಟೆ ಇಷ್ಟನ್ನೇ ಕಟ್ಟಿ. ಸಮಾಧಾನದ ಸಂಗತಿಯೆಂದರೆ ಇದಕ್ಕೆ ಬೇಕಾದವು ಸಾದಾ ಇಟ್ಟಿಗೆಗಳು, ವಿಶೇಷದ್ದೇನೂ ಬೇಡ. ಒಳಗೆ ಟೊಳ್ಳು ಬಿಡಿ, ಇಲ್ಲವೇ ಕಣ್ಣಿಗೆ ಬೀಳದ ಜಾಗದಲ್ಲಿ ಡ್ಯುಪ್ಲೊ, ಅಂದರೆ ಪುಟ್ಟ ಮಕ್ಕಳಿಗಾಗಿ ಲೆಗೊ ಮಾಡುವ ದೊಡ್ಡ ಇಟ್ಟಿಗೆ, ತುಂಬಿ. ಡ್ಯುಪ್ಲೊ ಎಲ್ಲ ದಿಕ್ಕಿನಲ್ಲೂ ಸರಿಯಾಗಿ ಎರಡರಷ್ಟು. ಸಣ್ಣ ಇಟ್ಟಿಗೆಗಳು ಅದರ ಮೇಲೆ ಕಚ್ಚಿಕೊಳ್ಳುತ್ತವೆ. ಗುಡ್ಡದ ಹೊಟ್ಟೆಗೂ ಇದೇ ಮದ್ದು.

ದುಡ್ಡು ಮತ್ತು ರಟ್ಟು

ಪ್ರಮಾಣ ಎರಡುಪಟ್ಟಾದರೆ ಖರ್ಚು ಎರಡುಪಟ್ಟು ಎಂದುಕೊಂಡು ಕೈಸುಟ್ಟುಕೊಳ್ಳುವವರೇ ಹೆಚ್ಚು. ಗೋಡೆ, ಸೂರು ಮಾತ್ರ ಇರುವ ಟೊಳ್ಳು ಮಾದರಿಗೆ ಇಟ್ಟಿಗೆ ನಾಲ್ಕುಪಟ್ಟು ಬೇಕು, ಒಳಗೂ ತುಂಬಿದರೆ ಎಂಟುಪಟ್ಟು. ಕಂಪನಿಯೇ ಮಾರಿದ ಎರಡು ತಾಜ್ ಮಹಲ್‌ಗಳನ್ನು ಪಕ್ಕದಲ್ಲಿಟ್ಟು ನೋಡಿ. 2017ರದ್ದು ಎತ್ತರದಲ್ಲಿ 43 ಸೆಂ.ಮೀ., 5,923 ತುಣುಕು. 2021ರದ್ದು 20 ಸೆಂ.ಮೀ., 2,022 ತುಣುಕು. ಎತ್ತರ ಅರ್ಧಕ್ಕಿಳಿದರೆ ತುಣುಕು ಮೂರನೆಯ ಒಂದು ಭಾಗ. ನಾಲ್ಕನೆಯ ಒಂದಕ್ಕೆ ಇಳಿಯದಿರಲು ಕಾರಣ, ಚಿಕ್ಕದರಲ್ಲಿ ವಿವರ ತರಲು ಸಣ್ಣ ಸಣ್ಣ ತುಣುಕುಗಳನ್ನೇ ಬಳಸಬೇಕು.

ಕೊಳ್ಳುವ ಮೊದಲು ಲೆಗೊ ಬಿಡಿಭಾಗ ಮಾರುವ ಜಾಲತಾಣ ಬ್ರಿಕ್‌ಲಿಂಕ್‌ನ ಸ್ಟುಡಿಯೋ ತಂತ್ರಾಂಶದಲ್ಲಿ ಕಟ್ಟಿ ನೋಡಿ, ಉಚಿತವಾಗಿ ಸಿಗುತ್ತದೆ, ಎಷ್ಟು ತುಣುಕು ಬೇಕೆಂದು ಪಟ್ಟಿ ಕೊಡುತ್ತದೆ. ಅದಕ್ಕೂ ಮೊದಲು ರಟ್ಟಿನ ಡಬ್ಬವೊಂದನ್ನು ಮಾದರಿಯ ಅಳತೆಗೆ ಕತ್ತರಿಸಿ ನೀವು ಇಡಬೇಕೆಂದಿರುವ ಜಾಗದಲ್ಲಿ ಒಂದು ವಾರ ಇಡಿ. ಧೂಳು ಹೊಡೆಯುವವರಿಗೆ ಅಡ್ಡವಾಯಿತೋ, ಕಪಾಟಿನ ಬಾಗಿಲು ಮುಚ್ಚಲಿಲ್ಲವೋ, ಮನೆಯವರು ಎತ್ತಿ ಮಂಚದ ಕೆಳಗೆ ತಳ್ಳಿದರೋ, ಆಗಲೇ ತಿಳಿಯುತ್ತದೆ. ನನ್ನ ಮೂರು ಯೋಜನೆಗಳು ರಟ್ಟಿನಲ್ಲೇ ಮುಗಿದಿವೆ.

ಗೊಂಬೆಯ ಜೊತೆ ಬಾಳುವುದು

ಕೊನೆಗೆ ಎಲ್ಲರೂ ಬಂದು ಸೇರುವುದು ಇಲ್ಲಿಗೆ, ಏಕೆಂದರೆ ಮಕ್ಕಳಿರುವ ಮನೆಯ ಡಬ್ಬಿಯಲ್ಲಿ ಇರುವುದೇ ಈ ಪ್ರಮಾಣದ ಸಾಮಾನು: ಬಾಗಿಲು, ಕಿಟಕಿ, ಚಕ್ರ, ಕುರ್ಚಿ. ಎತ್ತರವನ್ನು ಹಿಡಿದರೆ 1:42. ಆದರೆ ಡಬ್ಬಿಯೊಳಗಿನ ಸಾಮಾನೇ ಆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಲೆಗೊದ ಮಾಮೂಲಿ ಬಾಗಿಲಿನ ಚೌಕಟ್ಟು ಆರು ಇಟ್ಟಿಗೆ ಎತ್ತರ, ನಾಲ್ಕು ಸ್ಟಡ್ ಅಗಲ. 1:42ರಲ್ಲಿ ಅದು 2.4 ಮೀಟರ್ ಎತ್ತರದ, 1.3 ಮೀಟರ್ ಅಗಲದ ಬಾಗಿಲು. ಛತ್ರದ ಮುಂಬಾಗಿಲಿಗೆ ಸರಿ, ಮಲಗುವ ಕೋಣೆಗಲ್ಲ. ಒಂದು ಸ್ಟಡ್ ದಪ್ಪದ ಗೋಡೆ 34 ಸೆಂ.ಮೀ. ಆಗುತ್ತದೆ; ನಮ್ಮ ಒಂಬತ್ತು ಇಂಚಿನ ಗೋಡೆಯ ಒಂದೂವರೆ ಪಟ್ಟು. 30×40 ಮನೆಯಲ್ಲಿ ಅಂಥ ನಾಲ್ಕು ಗೋಡೆ ಎದ್ದರೆ ಕೋಣೆಗಳು ಗೂಡುಗಳಾಗುತ್ತವೆ. ಆದ್ದರಿಂದ ಮನೆ ಕಟ್ಟುವವರಿಗೆ ನನ್ನ ಸಲಹೆ: ಹೊರಗಿನ ಅಳತೆ 1:42ರಲ್ಲಿರಲಿ, ಒಳಗೋಡೆ ಒಂದೆರಡನ್ನು ಬಿಟ್ಟುಬಿಡಿ, ಅಡುಗೆಮನೆ ನಡುಮನೆ ಒಂದಾದರೆ ಆಗಲಿ.

ವಾಹನಗಳಲ್ಲಿ ಸಂಕಟ ಇನ್ನೂ ಹೆಚ್ಚು. ಆಟೋ ಸುಮಾರು 1.3 ಮೀಟರ್ ಅಗಲ. 1:42ರಲ್ಲಿ ನಾಲ್ಕೇ ಸ್ಟಡ್. ಹಿಂದಿನ ಸೀಟಿನಲ್ಲಿ ಮೂವರು ಕೂರಬೇಕಾದ ಕಡೆ ಒಬ್ಬನೂ ಕಷ್ಟದಲ್ಲಿ ಕೂರುತ್ತಾನೆ. ಆರು ಸ್ಟಡ್‌ಗೆ ಹಿಗ್ಗಿಸಿದರೆ ಅಗಲದ ಪ್ರಮಾಣ 1:27, ಆದರೂ ನೋಡಲು ಆಟೋ ಆಟೋವೇ. ಕಂಪನಿಯೂ ಇದನ್ನೇ ಮಾಡಿದೆ: ಸ್ಪೀಡ್ ಚಾಂಪಿಯನ್ಸ್ ಸಾಲಿನ ಕಾರುಗಳನ್ನು 2020ರಲ್ಲಿ ಆರು ಸ್ಟಡ್‌ನಿಂದ ಎಂಟಕ್ಕೆ ಅಗಲಿಸಿತು. 1.8 ಮೀಟರ್ ಅಗಲದ ಕಾರಿಗೆ ಅದು 1:28.

ಈಗ ಬಸ್ಸಿನ ಕಥೆ. ಅಕ್ಕನ ಮಗಳಿಗೆ ಕೆಂಪು ಬಸ್ಸು ಬೇಕಿತ್ತು. 12 ಮೀಟರ್ ಉದ್ದ, 2.6 ಮೀಟರ್ ಅಗಲ. 1:42ರಲ್ಲಿ 36 ಸ್ಟಡ್ ಉದ್ದ, 8 ಸ್ಟಡ್ ಅಗಲ. ನಿಜವಾದ ಬಸ್ಸಿನ ಚಕ್ರ ಒಂದು ಮೀಟರಿನಷ್ಟು, ನನ್ನ ಬಳಿ 24 ಮಿ.ಮೀ. ಟೈರುಗಳಿದ್ದವು, ಸರಿಯಾಗಿ ಹೊಂದಿದವು. ಎಷ್ಟು ಲಕ್ಷಣವಾಗಿ ಬಂತೆಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವಳು ಸೂರು ತೆಗೆದು ಒಳಗೆ ಗೊಂಬೆಗಳನ್ನು ಕೂರಿಸತೊಡಗಿದಳು. ಎರಡು ಗೋಡೆ ಕಳೆದರೆ ಒಳಗೆ ಉಳಿಯುವುದು ಆರು ಸ್ಟಡ್. ಗೊಂಬೆಯ ಕಾಲಿಗೆ ಎರಡು ಸ್ಟಡ್ ಸಾಕು, ಆದರೆ ತೋಳುಗಳು ಆಚೀಚೆ ಚಾಚಿರುವುದರಿಂದ ಒಬ್ಬೊಬ್ಬರಿಗೆ ಮೂರು ಬೇಕು. ಸಾಲಿಗೆ ಇಬ್ಬರು ಕೂತರು, ಜಾಗ ಮುಗಿಯಿತು. ಖಾಕಿ ಅಂಗಿಯ ಗೊಂಬೆಯನ್ನು ಕೈಯಲ್ಲಿ ಹಿಡಿದು ಅವಳು ಕೇಳಿದಳು: "ಮಾಮ, ಕಂಡಕ್ಟರ್ ಎಲ್ಲಿ ನಿಲ್ಲುತ್ತಾನೆ?"

ಅಂಕಿಗಳೆಲ್ಲ ಸರಿಯಿದ್ದ ಬಸ್ಸನ್ನು ಬಿಚ್ಚಬೇಕಾಯಿತು. ಕಪಾಟಿನಲ್ಲಿ ನಿಲ್ಲುವ ಬಸ್ಸಾಗಿದ್ದರೆ ಮುಟ್ಟುತ್ತಿರಲಿಲ್ಲ. ಗಾಜಿಗೆ ಕಪ್ಪು ಹಾಕಿ ಸುಮ್ಮನಾಗುತ್ತಿದ್ದೆ. ಇದು ಆಡುವ ಬಸ್ಸು, ಇದರಲ್ಲಿ ಸರಿಯಿರಲೇಬೇಕಾದದ್ದು ಟಿಕೆಟ್ ಕೊಡುವ ಜಾಗ. ಅಗಲವನ್ನು 10 ಸ್ಟಡ್‌ಗೆ ಒಯ್ದೆ, ಅಂದರೆ ಸುಮಾರು 1:32. ಉದ್ದವನ್ನೂ ಅದೇ ಪ್ರಮಾಣದಲ್ಲಿ ಬೆಳೆಸಿದ್ದರೆ 46 ಸ್ಟಡ್ ಆಗುತ್ತಿತ್ತು, ಅಷ್ಟು ಕೆಂಪು ಇಟ್ಟಿಗೆ ಮನೆಯಲ್ಲಿರಲಿಲ್ಲ, 40ಕ್ಕೆ ನಿಲ್ಲಿಸಿದೆ. ಎತ್ತರವನ್ನು ಮುಟ್ಟಲಿಲ್ಲ, ಗೊಂಬೆ ನಿಲ್ಲಲು ಒಳಗೆ ಐದು ಇಟ್ಟಿಗೆ ಎತ್ತರವಿದ್ದರೆ ಸಾಕು. ಲೆಕ್ಕ ನೋಡಿದರೆ ಒಂದೇ ಬಸ್ಸಿನಲ್ಲಿ ಮೂರು ಪ್ರಮಾಣ. ಗೊಂಬೆಯೇ ಅಡ್ಡಡ್ಡ ಬೆಳೆದಿರುವುದರಿಂದ ಅದರ ಪಕ್ಕದಲ್ಲಿ ಬಸ್ಸು ಅಡ್ಡ ಬೆಳೆದದ್ದು ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ.

ಈಗ ಎರಡು ಬದಿಗೆ ಮೂರು ಮೂರು ಸ್ಟಡ್, ನಡುವೆ ಎರಡು ಸ್ಟಡ್‌ನ ದಾರಿ. ಕಂಡಕ್ಟರ್ ಡ್ರೈವರನ ಕಡೆಗೆ ಮುಖ ಮಾಡಿ ನಿಂತರೆ ತೋಳು ತಾಗುತ್ತದೆ. ಸೀಟಿನ ಕಡೆಗೆ ತಿರುಗಿ ಅಡ್ಡಲಾಗಿ ನಿಂತರೆ ಹಿಡಿಸುತ್ತಾನೆ, ನಮ್ಮ ಬಸ್ಸುಗಳಲ್ಲಿ ನಿಲ್ಲುವಂತೆಯೇ.